ಗೌಡರ ಡಮ್ಮಿ

ಆ ಗುರುವಾರ ಬೆಳಿಗ್ಗೆ ಗೌಡರ ಮನೆಯ ಮುಂದೆ ಜೀಪು ನಿಂತಿದ್ದರೆ ಗಾದಿಲಿಂಗಪ್ಪನಿಗೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಯಲಬುರ್ಗಾಕ್ಕೆ ಹೋಗಿ, ತಹಶೀಲ ಕಚೇರಿಯಲ್ಲಿ ಒಂದು ಸಹಿ ಜಡಿದು, ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಮಿರ್ಚಿ ತಿಂದು, ಊಟದ ಹೊತ್ತಿಗೆ ಬೇವೂರಿಗೆ ಮರಳುತ್ತಿದ್ದ. ಆದರೆ ಜೀಪು ಇರಲಿಲ್ಲ. ಅದು ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆಯೊಂದಿತ್ತು. ಅದರ ಮೇಲೆ ಗೌಡರ ಹುಂಜ ನಿಂತು ಗಾದಿಲಿಂಗಪ್ಪನನ್ನು ಮೇಲಿಂದ ಕೆಳಗೆ ನೋಡುತ್ತಿತ್ತು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ತಾಲೂಕ ಬೋರ್ಡಿನ ಚುನಾವಣೆ ಬಂದಿತ್ತು. ಬೇವೂರು ಕಡೆಯ ಸೀಟಿಗೆ ಇಬ್ಬರು ದೊಡ್ಡವರು ತೊಡೆ ತಟ್ಟಿದ್ದರು. ಒಬ್ಬರು ಕೊಟ್ರಬಸಪ್ಪ ಗೌಡರು. ಇನ್ನೊಬ್ಬರು ಶೇಂಗಾ ದಲಾಲಿಯ ಅಡತಿ ಇಟ್ಟಿದ್ದ ಹಂಪಣ್ಣ. ಇಬ್ಬರೂ ಒಂದೇ ಗುಡಿಗೆ ಹೋಗುತ್ತಿದ್ದರು, ಆದರೆ ಒಬ್ಬರು ಹೊರಗೆ ಬರುವವರೆಗೆ ಇನ್ನೊಬ್ಬರು ಒಳಗೆ ಹೋಗುತ್ತಿರಲಿಲ್ಲ. ಚುನಾವಣೆಗೆ ನಿಲ್ಲುವ ದೊಡ್ಡವರು ತಮ್ಮ ಜೊತೆ ಒಬ್ಬ ಡಮ್ಮಿಯನ್ನೂ ನಿಲ್ಲಿಸುವುದು ಆಗಿನ ಪದ್ಧತಿ. ದೊಡ್ಡವರ ಅರ್ಜಿ ಯಾವುದೋ ಕೊರತೆಯಿಂದ ತಿರಸ್ಕಾರವಾದರೆ ಡಮ್ಮಿ ಅವರ ಪರವಾಗಿ ಕಣದಲ್ಲಿರುತ್ತಾನೆ. ಅರ್ಜಿ ಸರಿಯಾಗಿದ್ದರೆ ಡಮ್ಮಿ ಕೊನೆಯ ದಿನ ಮೂರು ಗಂಟೆಯೊಳಗೆ ತನ್ನದನ್ನು ವಾಪಸ್ ತೆಗೆದುಕೊಂಡು ಮನೆಗೆ ಹೋಗಬೇಕು. ಹಂಪಣ್ಣನ ಡಮ್ಮಿ ಮಾರೆಪ್ಪ. ಕೂಲಿ ಮಾಡುತ್ತಿದ್ದ, ಬಯಲಾಟದಲ್ಲಿ ರಾಕ್ಷಸನ ಪಾತ್ರ ಹಾಕುತ್ತಿದ್ದ, ಉಳಿದ ಹೊತ್ತೆಲ್ಲ ನಿದ್ದೆ ಮಾಡುತ್ತಿದ್ದ. ಗೌಡರ ಡಮ್ಮಿ ನಮ್ಮ ಗಾದಿಲಿಂಗಪ್ಪ.

ಗಾದಿಲಿಂಗಪ್ಪ ಹದಿನೈದು ವರ್ಷದಿಂದ ಗೌಡರ ಛತ್ರಿ ಹಿಡಿಯುತ್ತಿದ್ದ. ಗೌಡರು ಭಾಷಣ ಮಾಡಿದರೆ ಮೊದಲ ಚಪ್ಪಾಳೆ ಅವನದು, ಜೀಪು ಕೆಟ್ಟರೆ ಹಿಂದಿನಿಂದ ನೂಕುವ ಮೊದಲ ಕೈಯೂ ಅವನದೇ. ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲದ ಮನುಷ್ಯ. ಊರಿನಲ್ಲಿ ಎಲ್ಲರೂ ಅವನನ್ನು 'ಏ ಗಾದ್ಯಾ' ಎಂದೇ ಕರೆಯುತ್ತಿದ್ದರು. ಅರ್ಜಿ ಕೊಟ್ಟ ಸೋಮವಾರದಿಂದ ಮಾತ್ರ ಲೋಕ ಸ್ವಲ್ಪ ಹೊರಳಿತ್ತು. ಕಚೇರಿಯ ಗೋಡೆಗೆ ಅಂಟಿಸಿದ ಕಾಗದದಲ್ಲಿ ಅವನ ಹೆಸರು ತಂದೆಯ ಹೆಸರಿನ ಸಮೇತ ಇತ್ತು. ಹೋಟೆಲಿನ ಪಂಪಣ್ಣ 'ಬರ್ರಿ ಗಾದಿಲಿಂಗಪ್ಪನವರ' ಎಂದು ಗಾಜಿನ ಗ್ಲಾಸಿನಲ್ಲಿ ಚಹ ಕೊಟ್ಟಿದ್ದ. ಅದು ತಮಾಷೆಯೋ ಮರ್ಯಾದೆಯೋ ಎಂದು ಗಾದಿಲಿಂಗಪ್ಪ ಕೇಳಲು ಹೋಗಲಿಲ್ಲ, ಕುಡಿದ. ಚಹ ಯಾವತ್ತಿಗಿಂತ ಸಿಹಿಯಾಗಿತ್ತು.

ಬೆಳಿಗ್ಗೆ ಮನೆಯಿಂದ ಹೊರಡುವಾಗ ಹೆಂಡತಿ ಪಕೀರಮ್ಮ ಬಾಗಿಲಲ್ಲಿ ಅಡ್ಡ ನಿಂತಿದ್ದಳು.

"ಇವತ್ತ ವಾಪಸ್ ತಗೊಳ್ಳಾಕಬೇಕೇನ್ರಿ?"

"ತಗೊಳ್ಳಾಕಬೇಕು. ಹೇಮಗುಡ್ಡದ ದುರ್ಗಮ್ಮನ ಕುಂಕುಮ ಮುಟ್ಟಿ ಗೌಡ್ರಿಗೆ ಮಾತು ಕೊಟ್ಟೀನಿ."

"ನಾಕ ದಿನದಿಂದ ಬಾವಿಗೆ ಹೋದ್ರ ಹೆಣ್ಮಕ್ಕಳು ನನಗ ಹಗ್ಗ ಮೊದ್ಲು ಕೊಡಾಕತ್ತಾರ. 'ಮೆಂಬರ ಹೆಂಡ್ತಿ ಬಂದ್ಲು, ಸರೀರಿ' ಅಂತಾರ. ನಾಳಿಂದ ಮತ್ತ ಕಡೀಕ ನಿಲ್ಲಬೇಕಲ್ಲ."

ಗಾದಿಲಿಂಗಪ್ಪ ಚಪ್ಪಲಿ ಮೆಟ್ಟಿಕೊಂಡ. ಅವನಿಗೂ ಆಸೆ ಇರಲಿಲ್ಲವೆಂದಲ್ಲ. ಒಂದೇ ಒಂದು ಸಲ, ಛತ್ರಿ ಹಿಡಿಯುವ ಬದಲು ಛತ್ರಿಯ ಕೆಳಗೆ ನಡೆಯಬೇಕು ಎಂದು ಎಷ್ಟೋ ಬಿಸಿಲಲ್ಲಿ ಅನಿಸಿತ್ತು. ಆದರೆ ಗೌಡರು ಅವನ ಕೈ ಹಿಡಿದು ಹೇಳಿದ ಮಾತು ಕಿವಿಯಲ್ಲೇ ಇತ್ತು: "ನೋಡ ಗಾದ್ಯಾ, ನೀ ವಾಪಸ್ ತಗೊಳ್ಳಲಿಲ್ಲಂದ್ರ ನಮ್ಮ ಮತ ಎರಡ ಪಾಲಾಗತಾವ. ಯಾರು ಬ್ಯಾಡ ಅಂದ್ರೂ ಕೇಳಬ್ಯಾಡ. ನನ್ನ ಹೆಸರ ಹೇಳಿ ಬಂದ್ರೂ ಕೇಳಬ್ಯಾಡ. ಸಹಿ ಮಾಡಿಬಿಡು." ಹೀಗೆ ಹೇಳಿದ ಗೌಡರೇ ಈಗ ಜೀಪಿನ ಸಮೇತ ನಾಪತ್ತೆ.

ಗೌಡರ ಹೆಂಡತಿ ವಿರೂಪಾಕ್ಷಮ್ಮ ಅಡುಗೆಮನೆಯಿಂದಲೇ ಕೂಗಿ ಹೇಳಿದರು. "ಕೋಳಿ ಕೂಗೂದ್ರಾಗ ಕುಷ್ಟಗಿಗೆ ಹೋಗ್ಯಾರಪಾ. ಜರದ ರುಮಾಲ ಸುತ್ಕೊಂಡು ಹೋಗ್ಯಾರ. ಹೋಗೂಮುಂದ ಹೋಳಿಗಿ ಮಾಡು ಅಂದ್ರು, ಯಾಕ ಅಂದ್ರ ಬಾಯಿ ಬಿಡಲಿಲ್ಲ."

"ಮತ್ತ ನನ್ನ ಸಹಿ, ಅಮ್ಮಾರ?"

"ನಿನ್ನ ಸಹಿ ನನಗೇನ ಗೊತ್ತೋ? ಒಲಿ ಮ್ಯಾಲ ಬ್ಯಾಳಿ ಉಕ್ಕಾಕತ್ತೈತಿ, ಹೋಗು."

ಪಾಪ, ಗೌಡರಿಗೆ ಓಟಿನ ಗಡಿಬಿಡಿಯಲ್ಲಿ ಮರೆತಿದೆ ಎಂದುಕೊಂಡ ಗಾದಿಲಿಂಗಪ್ಪ. ಅವರು ಮರೆತರೇನು, ತಾನು ಮರೆಯಬಾರದು. ಬಸ್ಸಿಗಾದರೂ ಹೋಗಿ ಮುಟ್ಟಬೇಕು. ಅವನು ಧೋತರದ ಚುಂಗು ಎತ್ತಿ ಹಿಡಿದು ಬಸ್ ನಿಲ್ಲುವ ಪಂಪಣ್ಣನ ಹೋಟೆಲಿಗೆ ಬಂದ.

"ಬಸ್ಸಿಗೆ ಹೊಂಟೀರೇನ್ರಿ ಗಾದಿಲಿಂಗಪ್ಪನವರ?" ಪಂಪಣ್ಣ ಚಹದ ಕೆಟಲಿ ಕೆಳಗಿಟ್ಟು ಕಣ್ಣರಳಿಸಿದ. "ಅಬ್ಬಬ್ಬಾ! ಭಾಳ ಧೈರ್ಯರಿ ನಿಮ್ದು!"

"ಯಾಕಪಾ? ಬಸ್ಸಿಗೇನಾಗೇತಿ?"

"ಬಸ್ಸಿಗೇನ ಆಗಿಲ್ರಿ. ನಿಮಗ ಆಗೋದೈತಿ."

ಹೋಟೆಲಿನಲ್ಲಿ ಕೂತಿದ್ದ ನಾಲ್ಕಾರು ಜನ ತಮ್ಮ ಚಹದ ಬಸಿಗಳನ್ನು ಎತ್ತಿಕೊಂಡೇ ಹತ್ತಿರ ಸರಿದರು. ಕೆಲಸವಿಲ್ಲದವರಿಗೆ ಮತ್ತೊಬ್ಬರ ಗಂಡಾಂತರದಷ್ಟು ರುಚಿ ಯಾವುದೂ ಇಲ್ಲ. ಪಂಪಣ್ಣ ದನಿ ಇಳಿಸಿದ.

"ಗಂಗಾವತಿ ಕಡೆ ಹೋದ ಎಲೆಕ್ಷನ್ನಾಗ ಒಬ್ಬ ಡಮ್ಮೀನ್ನ ಬಸ್ ಸ್ಟ್ಯಾಂಡಿನ್ಯಾಗ ಎತ್ತಿ ಹಾಕ್ಕೊಂಡು ಹೋದ್ರಂತ. ಭತ್ತದ ಗೋದಾಮಿನ್ಯಾಗ ಕೂಡಿಹಾಕಿ, ಮೂರು ಹೊಡಿಯೂತನ ಕಾಲುವಿ ಕಡೀ ಖಾರದ ಸಾರು ಬಡಿಸಿದ್ರಂತ. ಆ ಮನಶ್ಯಾ ಇವತ್ತಿಗೂ ನೆಟ್ಟಗ ಕುಂದ್ರಂಗಿಲ್ಲ. ನೀವು ಸಹಿ ಮಾಡಲಿಲ್ಲಂದ್ರ ಹಂಪಣ್ಣಗ ಹಬ್ಬರಿ. ಅಂವ ಬಿಡ್ತಾನ? ಅಂವನ ಗುಮಾಸ್ತ ವೆಂಕೋಬ ಯಲಬುರ್ಗಾದಾಗ ಬಸ್ಸಿನ ಬಾಗಿಲಿಗೇ ನಿಂತಿರತಾನ."

"ಮತ್ತೇನ ಮಾಡ್ಲೋ?"

ಮುಂದೆ ನಡೆದದ್ದು ದೊಡ್ಡ ಸಭೆ. ಒಬ್ಬ ಸೀರೆ ಉಟ್ಟು ಹೋಗು ಎಂದ. ಇನ್ನೊಬ್ಬ ಗಡ್ಡ ಅಂಟಿಸಿಕೋ ಎಂದ. ಹುಚ್ಚನ ಹಾಗೆ ನಟಿಸು ಎಂದು ಮತ್ತೊಬ್ಬ ಅಂದಾಗ, ಅದಕ್ಕೆ ನಟಿಸುವ ಅಗತ್ಯವಿಲ್ಲ ಎಂದು ಮೂಲೆಯಿಂದ ಯಾರೋ ಗೊಣಗಿದರು. ಈ ಚರ್ಚೆ ಕಾವೇರಿದ್ದಾಗಲೇ ಯಲಬುರ್ಗಾದ ಬಸ್ಸು ಬಂದು, ನಿಂತು, ಎರಡು ಸಲ ಹಾರನ್ ಹೊಡೆದು, ಹೊರಟೂ ಹೋಯಿತು. ಮಧ್ಯಾಹ್ನದವರೆಗೆ ಇನ್ನೊಂದು ಬಸ್ಸಿಲ್ಲ.

"ಹೋತಲ್ಲೋ ಬಸ್ಸು!" ಗಾದಿಲಿಂಗಪ್ಪ ತಲೆ ಚಚ್ಚಿಕೊಂಡ.

"ಹೋಗ್ಲಿ ಬಿಡ್ರಿ, ಗಂಡಾಂತರ ತಪ್ಪಿತು," ಎಂದ ಪಂಪಣ್ಣ ಸಮಾಧಾನದಿಂದ.

ಅಷ್ಟರಲ್ಲಿ ದುರುಗಪ್ಪನ ಎತ್ತಿನ ಬಂಡಿ ಬಂತು. ಯಲಬುರ್ಗಾದ ದಲಾಲಿ ಅಂಗಡಿಗೆ ಒಣಮೆಣಸಿನಕಾಯಿ ಹೊರಟಿತ್ತು. ಸಭೆಗೆ ದೇವರೇ ಬಂಡಿ ಹೊಡೆದುಕೊಂಡು ಬಂದ ಹಾಗಾಯಿತು. ಎಲ್ಲರೂ ಸೇರಿ ಗಾದಿಲಿಂಗಪ್ಪನನ್ನು ಎತ್ತಿ ಚೀಲಗಳ ನಡುವೆ ತುರುಕಿ, ಮೇಲೆ ಒಂದು ಕರಿ ಕಂಬಳಿ ಹೊದಿಸಿದರು. ಅವನು ಬೇಡವೆನ್ನಲು ಬಾಯಿ ತೆರೆದ. ಬಾಯಿಗೆ ಮೆಣಸಿನಕಾಯಿಯ ಘಾಟು ಹೋಗಿ, ಬೇಡ ಎನ್ನುವ ಬದಲು ಸೀನು ಬಂತು.

ದಾರಿಯುದ್ದಕ್ಕೂ ಅವನು ಸೀನಿದ. ಹೊತ್ತು ಏರಿದಂತೆ ಕಂಬಳಿಯೊಳಗೆ ಸೆಕೆ, ಮೂಗಿನಲ್ಲಿ ಬೆಂಕಿ, ಕಣ್ಣಲ್ಲಿ ನೀರು. ದುರುಗಪ್ಪ ಹಿಂದೆ ತಿರುಗದೆ ಹೇಳಿದ, "ಸಣ್ಣಗ ಸೀನಪಾ. ಎತ್ತು ಬೆದರ್ತಾವ."

ಅರ್ಧ ದಾರಿಯಲ್ಲಿ ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಯಾರೋ ಅಂಗಾತ ಮಲಗಿದ್ದರು. ದುರುಗಪ್ಪ ಬಂಡಿ ನಿಲ್ಲಿಸಿದ. ನೋಡಿದರೆ ಹಂಪಣ್ಣನ ಡಮ್ಮಿ ಮಾರೆಪ್ಪ. ಹಿಂದಿನ ರಾತ್ರಿ ಅಲ್ಲೇ ಪಕ್ಕದ ಹಳ್ಳಿಯಲ್ಲಿ ಬಯಲಾಟ ಮುಗಿಸಿ, ಬಸ್ಸಿಗೆ ಕಾಯುತ್ತಾ ಮಲಗಿದವನಿಗೆ ಬಸ್ಸು ಹೋದದ್ದೇ ಗೊತ್ತಾಗಿರಲಿಲ್ಲ. ಅರ್ಧ ಮುಖದ ಕೆಂಪು ಬಣ್ಣ ಇನ್ನೂ ಹೋಗಿರಲಿಲ್ಲ. ಬಂಡಿಯ ಸದ್ದಿಗೆ ಎದ್ದು ಕೂತು ಕಣ್ಣುಜ್ಜಿಕೊಂಡ.

"ಬಸ್ ಹೋತೇನು ಅಣ್ಣಾ? ಅಯ್ಯಯ್ಯೋ! ಇವತ್ತ ಸಹಿ ಮಾಡಿ ವಾಪಸ್ ತಗೋ ಅಂತ ಸಾವ್ಕಾರ್ರು ಹೇಳ್ಯಾರ. ಬಂಡ್ಯಾಗ ಒಂಚೂರು ಜಾಗ ಕೊಡು, ನಾನೂ ಬರತೀನಿ."

ಗಾದಿಲಿಂಗಪ್ಪ ಕಂಬಳಿಯಿಂದ ತಲೆ ಹೊರಹಾಕಿದ. ಹದಿನೈದು ವರ್ಷ ಛತ್ರಿ ಹಿಡಿದವನ ತಲೆಯಲ್ಲಿ ಮೊಟ್ಟಮೊದಲ ಬಾರಿಗೆ ರಾಜಕೀಯದ ದೀಪ ಹೊತ್ತಿತು. ಇವನು ವಾಪಸ್ ತೆಗೆದುಕೊಳ್ಳದಿದ್ದರೆ ಯಾರ ಮತ ಒಡೆಯುತ್ತವೆ? ಹಂಪಣ್ಣನವು. ಯಾರಿಗೆ ಲಾಭ? ಗೌಡರಿಗೆ. ಗೌಡರು ಬೆನ್ನು ತಟ್ಟಿ 'ಗಾದಿಲಿಂಗಪ್ಪಾ, ಇದು ನನಗೂ ಹೊಳೆದಿದ್ದಿಲ್ಲ' ಎನ್ನುವುದು ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

"ಇವತ್ತಲ್ಲೋ ಹುಚ್ಚಪ್ಪಾ, ನಾಳಿಗೆ," ಎಂದ. "ಕಚೇರಿಯವರು ದಿನ ಮುಂದ ಹಾಕ್ಯಾರ. ನಿನಗ್ಯಾರೂ ಹೇಳಿಲ್ಲೇನು?"

"ಹೌದ? ದೇವರು ದೊಡ್ಡಾಂವ!" ಮಾರೆಪ್ಪ ಮತ್ತೆ ಮಲಗಲು ಸಿದ್ಧನಾದ. ತಟ್ಟನೆ ಅನುಮಾನ ಬಂತು. "ಮತ್ತ ನೀ ಎಲ್ಲಿಗೆ ಹೊಂಟಿ, ಮೆಣಸಿನಕಾಯ್ಯಾಗ ಕುಂತು?"

"ನಾ... ನೆಗಡಿಗೆ ಔಷಧ ತರಾಕ," ಎಂದು ಗಾದಿಲಿಂಗಪ್ಪ ಒಂದಾದ ಮೇಲೊಂದು ಮೂರು ಸಲ ಸೀನಿದ. ಕಣ್ಣಿಂದ ನೀರು ಧಾರಾಕಾರ ಇಳಿಯಿತು.

"ಪಾಪ, ಹೋಗಿ ಬಾ ಅಣ್ಣಾ. ಮೈ ಜ್ವಾಕಿ," ಎಂದು ಮಾರೆಪ್ಪ ಕರುಣೆಯಿಂದ ಹೇಳಿ ಮಗ್ಗಲು ಬದಲಿಸಿದ. ಬಂಡಿ ತಿರುವು ದಾಟುವ ಮೊದಲೇ ಅವನ ಗೊರಕೆ ಕೇಳಿಸಿತು.

"ನೀ ಲೀಡರ ಆಗಾಕ ಅಡ್ಡಿ ಇಲ್ಲ ಬಿಡು," ಎಂದ ದುರುಗಪ್ಪ. "ಸುಳ್ಳು ಹೇಳೂಮುಂದ ಕಣ್ಣಾಗ ನೀರು ತಂದಿ."

ಗಾದಿಲಿಂಗಪ್ಪನಿಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿ ಯಲಬುರ್ಗಾ ಇನ್ನೇನು ಎರಡು ಮೈಲಿ ಇದೆ ಎನ್ನುವಲ್ಲಿವರೆಗೆ ಬಾಳಿತು. ಎದುರಿಗೆ ಧೂಳು ಎದ್ದಿತು.

"ಗೌಡ್ರ ಜೀಪು ಬರಾಕತ್ತೈತಿ ನೋಡು," ಎಂದ ದುರುಗಪ್ಪ.

ಗಾದಿಲಿಂಗಪ್ಪ ಹಿಗ್ಗಿನಿಂದ ತಲೆ ಎತ್ತಿದ. ಸ್ಟೇರಿಂಗ್ ಹಿಡಿದವನು ಗೌಡರ ಡ್ರೈವರ್ ಹೈದರಸಾಬ. ಸರಿ. ಹೈದರಸಾಬನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ, ಒಂದೇ ಬೀಡಿಕಟ್ಟು ಹಂಚಿಕೊಂಡು ಕೂತವನು ಹಂಪಣ್ಣನ ಗುಮಾಸ್ತ ವೆಂಕೋಬ! ಅಂದರೆ ಹೈದರಸಾಬನನ್ನೂ ಕೊಂಡುಬಿಟ್ಟಿದ್ದಾರೆ! ಗೌಡರ ಅನ್ನ ಉಂಡವನು, ಗೌಡರ ಜೀಪಿನಲ್ಲೇ, ಗೌಡರ ಡಮ್ಮಿಯನ್ನು ಹಿಡಿಯಲು ಬರುತ್ತಿದ್ದಾನೆ. ಗಾದಿಲಿಂಗಪ್ಪ ಕಂಬಳಿ ಎಳೆದುಕೊಂಡು ಹುದುಗಿದ.

ಜೀಪು ನಿಂತಿತು. "ದುರುಗಪ್ಪಾ, ಗಾದಿಲಿಂಗಪ್ಪನ್ನ ಎಲ್ಲ್ಯಾರ ಕಂಡ್ಯೇನು?" ಹೈದರಸಾಬ ಕೇಳಿದ.

"ಯಾವ ಗಾದಿಲಿಂಗಪ್ಪ?" ಎಂದ ದುರುಗಪ್ಪ ನಿಷ್ಠೆಯಿಂದ.

ಚೀಲದ ರಾಶಿ ದೊಡ್ಡದಾಗಿ ಸೀನಿತು.

"ಏನದು?" ಎಂದ ವೆಂಕೋಬ.

"ಎತ್ತ್ರಿ."

"ಎತ್ತು ಮುಂದದಾವ. ಸೀನು ಹಿಂದ ಬಂತಲ್ಲೋ!"

ಇನ್ನು ಕೂತರೆ ಗೋದಾಮು, ಖಾರದ ಸಾರು. ಗಾದಿಲಿಂಗಪ್ಪ ಕಂಬಳಿ ಸಮೇತ ಎಗರಿ, ಬಂಡಿಯಿಂದ ಕೆಳಗೆ ಬಿದ್ದು, ಎದ್ದು, ಪಕ್ಕದ ಜೋಳದ ಹೊಲಕ್ಕೆ ನುಗ್ಗಿದ. ಬೇಲಿಯ ಜಾಲಿಮುಳ್ಳು ಧೋತರದ ಅರ್ಧ ಪಾಲು ತನ್ನಲ್ಲೇ ಇಟ್ಟುಕೊಂಡಿತು.

"ಏ ಗಾದಿಲಿಂಗಪ್ಪಾ, ನಿಂದ್ರೋ!" ವೆಂಕೋಬ ಹಿಂದೆ ಓಡಿ ಬಂದ. ಬೊಜ್ಜಿನ ಮನುಷ್ಯ, ಏದುಸಿರು ಬಿಡುತ್ತ ಕೂಗಿದ, "ಸಹಿ ಮಾಡಬ್ಯಾಡೋ ಮಾರಾಯಾ! ಗೌಡ್ರ ಹೇಳ್ಯಾರ, ಸಹಿ ಮಾಡಬ್ಯಾಡಂತ!"

'ಆಹಾ, ಬಂತಲ್ಲ ಮಾತು!' ಎಂದುಕೊಂಡ ಗಾದಿಲಿಂಗಪ್ಪ. ಗೌಡರು ದೇವರಂಥವರು. ಹೀಗೇ ತಮ್ಮ ಹೆಸರು ಹೇಳಿ ಬರುತ್ತಾರೆ ಎಂದು ಮೊದಲೇ ಹೇಳಿದ್ದರಲ್ಲ! ಅವನು ಇನ್ನೂ ಜೋರಾಗಿ ಓಡಿದ.

ಹೊಲದ ನಡುವೆ ಅಟ್ಟಣಿಗೆಯ ಮೇಲೆ ಹಕ್ಕಿ ಕಾಯುತ್ತಿದ್ದ ಮುದುಕವ್ವನಿಗೆ ತೆನೆಗಳು ಅಲ್ಲಾಡಿದ್ದು ಕಂಡಿತು. ಅವಳು ಕವಣೆಗೆ ಮಣ್ಣಿನ ಉಂಡೆ ಹಾಕಿ ಬೀಸಿದಳು. ಉಂಡೆ ಬಂದು ಗಾದಿಲಿಂಗಪ್ಪನ ಬೆನ್ನಿಗೆ ಬಡಿಯಿತು.

"ಯಾರಲೇ ಅಂವ ತೆನಿ ಮುರಿಯಾವ?"

"ಹೊಡಿಬ್ಯಾಡ ಯವ್ವಾ! ನಾ ತಾಲೂಕ ಬೋರ್ಡಿಗೆ ನಿಂತಾವ ಅದೀನಿ!"

"ಹಂಗಾರ ಇನ್ನೊಂದು ತಗೋ!"

ಎರಡನೆಯದೂ ಗುರಿ ತಪ್ಪಲಿಲ್ಲ. ಹಿಂದೆ ಬರುತ್ತಿದ್ದ ವೆಂಕೋಬನಿಗೂ ಒಂದು ಸಿಕ್ಕಿತು. ಅವನು ಅಲ್ಲೇ ಕುಕ್ಕರಿಸಿದ, ಮೇಲೇಳಲಿಲ್ಲ. ಹೀಗೆ ಮುದುಕವ್ವ ತನಗೆ ತಿಳಿಯದೆಯೇ ಆ ಚುನಾವಣೆಯಲ್ಲಿ ದೊಡ್ಡ ಪಾತ್ರ ವಹಿಸಿದಳು.

ಗಾದಿಲಿಂಗಪ್ಪ ಕಚೇರಿ ಮುಟ್ಟಿದಾಗ ಮೂರು ಹೊಡೆಯಲು ಸ್ವಲ್ಪವೇ ಹೊತ್ತಿತ್ತು. ಮುಂಬಾಗಿಲಲ್ಲಿ ಜಾತ್ರೆಯಂತೆ ಜನ. ಹಲಗೆ ಬಾರಿಸುವವರು ನಿಂತಿದ್ದಾರೆ. ಯಾರದೋ ಕೈಯಲ್ಲಿ ತೋಳುದ್ದದ ಸೇವಂತಿಗೆ ಹಾರ. ಗುಂಪಿನಲ್ಲಿ ಹಂಪಣ್ಣನ ಕೆಂಪು ರುಮಾಲು ಕಂಡಿತು. 'ಈ ಹಾರ ತನಗೇ ಅಂತ ಈಗಲೇ ತಂದು ಇಟ್ಟುಕೊಂಡಾನ, ಸೊಕ್ಕು ನೋಡು' ಎಂದುಕೊಂಡು, ಅವನು ಹಿಂದಿನ ಗೋಡೆ ಹತ್ತಿ ಹಾರಿ, ರದ್ದಿ ಕುರ್ಚಿಗಳ ರಾಶಿಯ ಮೇಲೆ ಬಿದ್ದು, ಜವಾನನ ಕೈ ತಪ್ಪಿಸಿಕೊಂಡು ಚುನಾವಣೆಯ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತ.

ಸಾಹೇಬರು ಕನ್ನಡಕ ಸರಿಸಿ ನೋಡಿದರು. ಅರ್ಧ ಧೋತರ, ಮೈಯೆಲ್ಲ ಮಣ್ಣು, ಮೆಣಸಿನಕಾಯಿಯ ಹಾಗೆ ಕೆಂಪಾದ ಮೂಗು.

"ಯಾರಪ್ಪ ನೀನು?"

"ಗಾದಿಲಿಂಗಪ್ಪ ತಂದಿ ಯಂಕಪ್ಪ, ಬೇವೂರು. ವಾಪಸ್ ತಗೊಳ್ಳಾಕ ಬಂದೀನ್ರಿ."

"ಓಹೋ, ನೀವೇ ಏನು!" ಸಾಹೇಬರ ದನಿ ಬದಲಾಯಿತು. "ಹೊರಗೆ ನಿಮಗೋಸ್ಕರ ಜನ ಕಾಯ್ತಿದ್ದಾರಲ್ಲ?"

"ಗೊತ್ತೈತ್ರಿ. ಅದಕ್ಕ ಹಿಂದಿಂದ ಬಂದೀನಿ."

"ನೋಡಿ, ಒಂದು ನಿಮಿಷ ಹೊರಗೆ ಹೋಗಿ ನಿಮ್ಮ ಗೌಡರನ್ನು ಕಂಡು ಬನ್ನಿ. ಆಮೇಲೆ ಸಹಿ..."

"ಸಾಹೇಬ್ರ," ಗಾದಿಲಿಂಗಪ್ಪನ ಕಣ್ಣು ಕಿರಿದಾದವು, "ನೀವೂ ಆ ಕಡಿಯವರ ಏನ್ರಿ?"

ಸಾಹೇಬರಿಗೆ ಸಿಟ್ಟು ಬಂತು. ಕಾಗದ ಮುಂದೆ ತಳ್ಳಿ, ಪೆನ್ನು ಅದರ ಮೇಲೆ ಎಸೆದರು.

ಗಾದಿಲಿಂಗಪ್ಪ ಪೆನ್ನು ಹಿಡಿದ. ಎದುರು ಗೋಡೆಯ ಮೇಲೆ ಅವನ ಹೆಸರಿದ್ದ ಆ ಕಾಗದ ಕಂಡಿತು. ಗಾಜಿನ ಗ್ಲಾಸು ನೆನಪಾಯಿತು, ಬಾವಿಯ ಹಗ್ಗ ನೆನಪಾಯಿತು. ಇನ್ನು ಮೂರು ಹೊಡೆಯುವವರೆಗೆ ಸುಮ್ಮನೆ ನಿಂತರೆ ಸಾಕು, ಹೆಸರು ಅಲ್ಲೇ ಇರುತ್ತದೆ. ಆದರೆ ದುರ್ಗಮ್ಮನ ಕುಂಕುಮ, ಗೌಡರ ಕೈ. ಅವನು ಕಣ್ಣೊರೆಸಿಕೊಂಡು, ತನ್ನ ಹೆಸರನ್ನು ಒಂದೊಂದೇ ಅಕ್ಷರ ಬರೆದು ಸಹಿ ಮಾಡಿದ. ಇಷ್ಟು ಚೆಂದದ ಸಹಿ ಅವನು ಯಾವತ್ತೂ ಮಾಡಿರ‍ಲಿಲ್ಲ.

ಆಮೇಲೆ ಎದೆಯುಬ್ಬಿಸಿ ಮುಂಬಾಗಿಲಿಂದಲೇ ಹೊರಗೆ ಬಂದ. ಅವನನ್ನು ಕಂಡದ್ದೇ ತಡ, ಹಲಗೆ ಢಣಢಣ ಬಡಿಯತೊಡಗಿತು. ಗುಂಪು ದಾರಿ ಬಿಟ್ಟಿತು. ಎದುರಿಗೆ ಜರದ ರುಮಾಲಿನ ಗೌಡರು, ಅವರ ಹೆಗಲ ಮೇಲೆ ಕೈ ಹಾಕಿ ಹಂಪಣ್ಣ! ಇಬ್ಬರೂ ಸೇರಿ ಹಾರ ಎತ್ತಿ ಹಿಡಿದು ಅವನ ಕಡೆಗೇ ಬಂದರು.

"ಗೌಡ್ರ!" ಗಾದಿಲಿಂಗಪ್ಪ ಕೂಗಿದ. "ಎಷ್ಟ ಮಂದಿ ಅಡ್ಡ ಬಂದ್ರೂ ಬಿಡಲಿಲ್ಲ. ಮಾತು ಉಳಿಸ್ಕೊಂಡೆ. ವಾಪಸ್ ತಗೊಂಡೆ!"

ಹಲಗೆ ನಿಂತಿತು. ಹಾರ ಗಾಳಿಯಲ್ಲೇ ನಿಂತಿತು.

"ಏನ ತಗೊಂಡಿ?" ಎಂದರು ಗೌಡರು.

"ಅರ್ಜಿರಿ. ನೀವ ಹೇಳಿದ್ರೆಲ್ರೀ, ನನ್ನ ಹೆಸರ ಹೇಳಿ ಯಾರ ಬಂದ್ರೂ ಕೇಳಬ್ಯಾಡಂತ."

ಗೌಡರು ಕಚೇರಿಯ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟರು. ಹಂಪಣ್ಣನೇ ಬಿಡಿಸಿ ಹೇಳಬೇಕಾಯಿತು. "ಗೌಡ್ರ ಮಗಳನ್ನ ನಮ್ಮ ಹುಡುಗಗ ತಗೊಂಡೇವೋ ತಮ್ಮಾ. ಮುಂಜಾನೆ ಕುಷ್ಟಗ್ಯಾಗ ಮಾತಾತು. ಬೀಗ್ರು ಬೀಗ್ರು ಎಲೆಕ್ಷನ್ನಾಗ ಬಡದಾಡಿದ್ರ ಮಂದಿ ನಗತಾರ ಅಂದ್ರು ಹಿರ್ಯಾರು. ಅವರು ಸರೀಲಿ ಅಂತ ನಾ, ನಾ ಸರೀಲಿ ಅಂತ ಅವರು. ಕಡೀಕ ಇಬ್ರೂ ವಾಪಸ್ ತಗೊಳ್ಳೂಣು, ಗಾದಿಲಿಂಗಪ್ಪ ಅವಿರೋಧ ಮೆಂಬರ ಆಗ್ಲಿ, ಯಾರಿಗೂ ಇಲ್ಲ ಅನ್ನಂಗಿಲ್ಲ ಅಂವ, ಅಂತ ಮಾತಾತು. ಮಧ್ಯಾಹ್ನನ ಇಬ್ರೂ ಸಹಿ ಮಾಡೇವಿ. ನಿನ್ನ ಕರಕೊಂಡು ಬರಾಕ ಜೀಪ್ ಕಳಿಸಿದ್ವೆಲ್ಲೋ!"

ಗಾದಿಲಿಂಗಪ್ಪ ಹಾರ ನೋಡಿದ. ಅದು ಅವನ ಅಳತೆಯದೇ ಆಗಿತ್ತು.

"ಇರ್ಲಿ ಬಿಡ್ರಿ ಬೀಗರ," ಎಂದ ಹಂಪಣ್ಣ, "ಯಾರೂ ಉಳೀಲಿಲ್ಲಂದ್ರ ಮತ್ತ ಎಲೆಕ್ಷನ್ ಆಗತೈತಿ. ಆವಾಗ ಇವನ್ನ ನಿಲ್ಲಿಸಿದ್ರಾತು."

ಗಾದಿಲಿಂಗಪ್ಪನ ಜೀವ ತಿರುಗಿ ಬಂತು. ಅಷ್ಟರಲ್ಲಿ ಒಳಗೆ ಗಡಿಯಾರ ಮೂರು ಹೊಡೆಯಿತು. ಸಾಹೇಬರು ಹೊರಗೆ ಬಂದು, ಗಂಟಲು ಸರಿಮಾಡಿಕೊಂಡು ಓದಿದರು. "ಕಣದಲ್ಲಿ ಉಳಿದಿರುವ ಒಬ್ಬರೇ ಅಭ್ಯರ್ಥಿ, ಮಾರೆಪ್ಪ ತಂದೆ ಹುಲಿಗೆಪ್ಪ. ಅವಿರೋಧ ಆಯ್ಕೆ."

"ನಮ್ಮ ಮಾರ್ಯಾ?" ಹಂಪಣ್ಣ ಹೌಹಾರಿದ. "ಮುಂಜಾನಿ ಬಸ್ಸಿಗೆ ಬಂದು ವಾಪಸ್ ತಗೋತೀನಿ ಅಂದಿದ್ನಲ್ಲ! ಯಾಕ ಬರಲಿಲ್ಲ ಅಂವ?"

ಗಾದಿಲಿಂಗಪ್ಪನಿಂದ ಒಂದು ಸೀನು ಬಂತು, ಅಷ್ಟೇ.

ಹಾರ ತಂದದ್ದಾಗಿತ್ತು, ಹಲಗೆಯವರು ಬಂದದ್ದಾಗಿತ್ತು, ಮನೆಯಲ್ಲಿ ಹೋಳಿಗೆಯೂ ಬೆಂದಿತ್ತು. ಹೈದರಸಾಬ ತಿರುಗಿಸಿ ತಂದ ಜೀಪನ್ನು ಎಲ್ಲರೂ ಹತ್ತಿದರು. "ಏ ಗಾದ್ಯಾ," ಎಂದರು ಗೌಡರು, ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಎಲ್ಲರೆದುರು, "ಹಾರ ಹಿಡಕೊಂಡು ಹಿಂದ ಕುಂದ್ರು. ಹೂವು ಉದುರೀತು."

ಬೇವಿನ ಮರದ ಕೆಳಗೆ ಮಾರೆಪ್ಪ ಇನ್ನೂ ಮಲಗಿದ್ದ. ಹಲಗೆಯ ಸದ್ದಿಗೆ ಬಯಲಾಟ ಶುರುವಾಯಿತೆಂದು ತಿಳಿದು ಎದ್ದು ನಿಂತು ಒಮ್ಮೆ ಅಬ್ಬರಿಸಿಯೂ ಬಿಟ್ಟ. ಕೊರಳಿಗೆ ಹಾರ ಬಿದ್ದಾಗ ಅರ್ಧ ಕೆಂಪು, ಅರ್ಧ ಕಪ್ಪು ಮುಖದಲ್ಲಿ ಪಿಳಿಪಿಳಿ ನೋಡಿದ. ಸಂಗತಿ ಕೇಳಿದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು, "ಅಲ್ಲ, ವಾಪಸ್ ತಗೊಳ್ಳೋದು ನಾಳಿಗಂತಲ್ಲ?"

ಗೌಡರು ಮೆಲ್ಲಗೆ ತಿರುಗಿದರು. "ನಾಳಿಗೆ? ಯಾರ ಹೇಳಿದ್ರೋ ನಿನಗ?"

ಮಾರೆಪ್ಪ ಗಾದಿಲಿಂಗಪ್ಪನನ್ನು ನೋಡಿದ. ಹರಿದ ಧೋತರ, ಮಣ್ಣು ಮೆತ್ತಿದ ಬೆನ್ನು, ಅಳು ನುಂಗಿದ ಮುಖ. ಎಷ್ಟೋ ಆಟ ಆಡಿದವನಿಗೆ ಒಂದು ಗಳಿಗೆ ಸಾಕಾಯಿತು. "ಕನಸಿನ್ಯಾಗ ದುರ್ಗಮ್ಮ ಬಂದಿದ್ಲ್ರಿ ಗೌಡ್ರ," ಎಂದು ಎರಡೂ ಕೈ ಮುಗಿದ. "ಇವತ್ತ ಏಳಬ್ಯಾಡ ಮಗನ, ನಾಳಿಗೆ ಏಳು ಅಂದ್ಲು. ತಾಯಿ ಮಾತು ಹೆಂಗ ಮೀರಲ್ರಿ?" ನೆರೆದವರು ತಾವೂ ಕೈ ಮುಗಿದರು. ಮಾರೆಪ್ಪ ಲೀಡರ ಆದದ್ದು ಕಚೇರಿಯಲ್ಲಲ್ಲ, ಆ ಮಾತಿನಲ್ಲಿ.

ಆಮೇಲೆ ಅವನು ತಿರುಗಿ ನೋಡಲಿಲ್ಲ. ಬೋರಿಂಗು ಹಾಕಿಸಿದ, ಸಾಲೆ ಕಟ್ಟಿಸಿದ, ಗೌಡರನ್ನೂ ಹಂಪಣ್ಣನನ್ನೂ ಒಂದೇ ಬೆಂಚಿನಲ್ಲಿ ತನಗಾಗಿ ಕಾಯುವಂತೆ ಮಾಡಿದ. ಎಂಬತ್ತೇಳರ ಜಿಲ್ಲಾ ಪರಿಷತ್ ಚುನಾವಣೆಗೆ ನಿಂತಾಗ ಅವನ ಸ್ವಂತ ಜೀಪು ಬಂದು ಗಾದಿಲಿಂಗಪ್ಪನ ಮನೆಯ ಮುಂದೆ ನಿಂತಿತು.

"ಅಣ್ಣಾ," ಎಂದ ಮಾರೆಪ್ಪ ಕಟ್ಟೆಯ ಮೇಲೆ ಕೂತು, "ಆವತ್ತ ಮರದ ಬುಡಕ ನಿನ್ನ ಮಾನ ಉಳಿಸಿದ್ದೆ, ಮರತಿಲ್ಲಲ್ಲ? ಈಗ ನನಗೊಬ್ಬ ಡಮ್ಮಿ ಬೇಕು. ನಿನ್ನಷ್ಟು ನಂಬಿಗಸ್ತ ಡಮ್ಮಿ ಇಡೀ ಜಿಲ್ಲಾದಾಗ ಇಲ್ಲ."

ಗಾದಿಲಿಂಗಪ್ಪ ಹೊರಗೆ ನಿಂತ ಜೀಪನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಕೇಳಿದ, "ವಾಪಸ್ ತಗೊಳ್ಳೋದು ಯಾವತ್ತೈತಿ?"

"ಅದರ ಚಿಂತಿ ಬಿಡು. ನಾನ ಬಂದು ಕರಕೊಂಡು ಹೋಗ್ತೀನಿ," ಮಾರೆಪ್ಪ ನಕ್ಕ. "ದಿನದ ವಿಷಯದಾಗ ನಾ ಯಾರ ಮಾತೂ ನಂಬಂಗಿಲ್ಲ."

ಜೀಪು ಹೋದ ಮೇಲೆ ಗಾದಿಲಿಂಗಪ್ಪ ಒಳಗೆ ಬಂದ. ಪಕೀರಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆಂದು ಅವನು ತಲೆ ತಗ್ಗಿಸಿ ನಿಂತ. ಅವಳು ಸೆರಗು ಸಿಕ್ಕಿಸಿಕೊಂಡು, ಖಾಲಿ ಕೊಡ ಎತ್ತಿ ಸೊಂಟಕ್ಕಿಟ್ಟಳು.

"ಹೂಂ ಅನ್ರಿ," ಎಂದಳು. "ನಾಕ ದಿನರ ಹಗ್ಗ ಮೊದ್ಲು ಸಿಗ್ತೈತಿ."